ನಿಮ್ಮ ಜರ್ಮನ್ ಊರಿನ ಮೇಷ್ಟ್ರು ಯಾರು, ವಿಚಾರಿಸಿ

ಜರ್ಮನಿಗೆ ಹೊಸದಾಗಿ ಬಂದವರು ವಿಳಾಸ ನೋಂದಣಿ, ಆರೋಗ್ಯ ವಿಮೆ, ಬ್ಯಾಂಕ್ ಖಾತೆ ಎಲ್ಲ ಮುಗಿಸಿದ ಮೇಲೆ ಇನ್ನೊಂದು ಕೆಲಸ ಮಾಡಿ. ನೀವಿರುವ ಊರಿನ ಚರಿತ್ರೆ ಬರೆದಿಟ್ಟ ಮೇಷ್ಟ್ರು ಯಾರು ಅಂತ ವಿಚಾರಿಸಿ. ಸಣ್ಣ ಊರಿಗೆ ಬಂದವರಿಗಂತೂ ಇದು ಬೇಕೇ ಬೇಕು. ಇಲ್ಲಿನ ಜನ ಬೇಗ ಬಾಯಿ ಬಿಡುವುದಿಲ್ಲ. ಆದರೆ ಊರಿನ ಹಳೆಯ ಸಂಗತಿ ಕೇಳಿ ನೋಡಿ, ಒಂದು ಗಂಟೆ ನಿಲ್ಲಿಸಿಕೊಂಡು ಮಾತಾಡುತ್ತಾರೆ.

ಇಂಥ ಊರಿನ ಚರಿತ್ರೆಕಾರರನ್ನು ಇಲ್ಲಿ ಹೈಮಾಟ್‌ಫೋರ್ಷರ್ ಅನ್ನುತ್ತಾರೆ. ಅವರಲ್ಲಿ ಶಾಲಾ ಮೇಷ್ಟ್ರುಗಳೇ ಜಾಸ್ತಿ. ನನಗೆ ತುಂಬ ಇಷ್ಟವಾದವರು ಯೋಹಾನ್ ಫ್ರೀಡ್ರಿಶ್ ಡನ್ನೈಲ್. 1783ರಲ್ಲಿ ಉತ್ತರ ಜರ್ಮನಿಯ ಆಲ್ಟ್‌ಮಾರ್ಕ್ ಸೀಮೆಯ ಕಾಲ್ಬೆ ಎಂಬ ಪುಟ್ಟ ಊರಲ್ಲಿ ಹುಟ್ಟಿದರು. ಅದೇ ಸೀಮೆಯ ಜಾಲ್ಟ್ಸ್‌ವೇಡೆಲ್‌ನ ಹೈಸ್ಕೂಲಿನಲ್ಲಿ ಪಾಠ ಹೇಳಿ, ಅಲ್ಲೇ ಮುಖ್ಯೋಪಾಧ್ಯಾಯರಾದರು. 1868ರಲ್ಲಿ ತೀರಿಕೊಂಡದ್ದೂ ಅದೇ ಊರಲ್ಲಿ.

ಆ ಸೀಮೆಯ ತುಂಬ ದೊಡ್ಡ ದೊಡ್ಡ ಕಲ್ಲಿನ ಗೋರಿಗಳಿದ್ದವು. ದೈತ್ಯರು ಕಟ್ಟಿದ್ದು ಅಂತ ಜನ ನಂಬಿದ್ದರು. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ನಮ್ಮವರು ಮೋರ್ಯರು ಕಟ್ಟಿದ್ದು ಅನ್ನುವುದಿಲ್ಲವೇ, ಹಾಗೆ. ಡನ್ನೈಲ್ ಮೇಷ್ಟ್ರು ಗೋರಿಗಳನ್ನು ಅಗೆದು ನೋಡಿದರು. ಸಿಕ್ಕಿದ್ದನ್ನು ಸುಮ್ನೆ ಕಪಾಟಿನಲ್ಲಿ ಜೋಡಿಸಿಡಲಿಲ್ಲ. ಯಾವ ಬಗೆಯ ಗೋರಿಯಲ್ಲಿ ಯಾವ ವಸ್ತು ಸಿಕ್ಕಿತು ಅಂತ ಬರೆದಿಟ್ಟರು. ಬಂಡೆಗಲ್ಲಿನ ಗೋರಿಯಲ್ಲಿ ಕಲ್ಲಿನ ಹತ್ಯಾರು, ಮಣ್ಣಿನ ದಿಬ್ಬದ ಗೋರಿಯಲ್ಲಿ ಕಂಚು, ನೆಲಮಟ್ಟದಲ್ಲಿ ಹೂತ ಬೂದಿಗಡಿಗೆಗಳ ಜೊತೆ ಕಬ್ಬಿಣ. ಇದನ್ನು 1836ರಲ್ಲಿ ಪ್ರಕಟಿಸಿದರು. ಕಲ್ಲು, ಕಂಚು, ಕಬ್ಬಿಣ ಎಂಬ ಮೂರು ಯುಗಗಳ ವಿಂಗಡಣೆಯನ್ನು ಕೋಪನ್‌ಹೇಗನ್ನಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಥಾಮ್ಸನ್ ಅಚ್ಚು ಹಾಕಿಸಿದ್ದೂ ಅದೇ ವರ್ಷ. ಥಾಮ್ಸನ್ ಕೈಯಲ್ಲಿ ಒಂದು ದೇಶದ ಸಂಗ್ರಹವೇ ಇತ್ತು. ನಮ್ಮ ಮೇಷ್ಟ್ರ ಹತ್ತಿರ ಇದ್ದದ್ದು ಒಂದು ಸಣ್ಣ ಊರು, ಅದರ ಸುತ್ತಲಿನ ಹೊಲ. ಶಾಲೆ ಮಕ್ಕಳಿಗೆ ಇವತ್ತಿಗೂ ಕಲಿಸುವ ವಿಚಾರವನ್ನು ಅವರು ಅಷ್ಟರಲ್ಲೇ ಕಂಡುಕೊಂಡರು!

1843ರಲ್ಲಿ ಅವರು ಆಲ್ಟ್‌ಮಾರ್ಕಿನ ನೂರಕ್ಕೂ ಹೆಚ್ಚು ಕಲ್ಲುಗೋರಿಗಳ ಪಟ್ಟಿ ಮಾಡಿದರು. ಅವುಗಳಲ್ಲಿ ಎಷ್ಟೋ ಆಮೇಲೆ ಹಾಳಾದವು. ರಸ್ತೆಗೆ, ಕಟ್ಟಡಕ್ಕೆ ಕಲ್ಲು ಬೇಕಾಯಿತು, ಒಡೆದು ಒಯ್ದರು. ಅಲ್ಲೊಂದು ಗೋರಿ ಇತ್ತು ಅಂತ ಇವತ್ತು ಗೊತ್ತಾಗುವುದು ಮೇಷ್ಟ್ರು ಬರೆದಿಟ್ಟ ಕಾರಣಕ್ಕೆ. 1859ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಆ ಸೀಮೆಯ ಆಡುಮಾತಿನ ನಿಘಂಟನ್ನೂ ಹೊರತಂದರು. ಜಾಲ್ಟ್ಸ್‌ವೇಡೆಲ್‌ನ ಮ್ಯೂಸಿಯಂಗೆ ಅವರದೇ ಹೆಸರಿದೆ. ಆ ಕಡೆ ಹೋದರೆ ನೋಡಿ ಬನ್ನಿ. ಕಲ್ಲುಗೋರಿ ನೋಡಬೇಕೆಂದರೆ ಹತ್ತಿರದ ಲ್ಯುಡೆಲ್ಸನ್ ಹಳ್ಳಿಗೆ ಹೋಗಿ.

ನಿಮ್ಮ ಊರಲ್ಲೂ ಇಂಥವರೊಬ್ಬರು ಇದ್ದಿರಬಹುದು. ಹುಡುಕಲು ಮೊದಲು ಊರಿನ ಚರಿತ್ರೆ ಸಂಘಕ್ಕೆ ಹೋಗಿ. ಹೈಮಾಟ್‌ಫೆರೈನ್ ಅಥವಾ ಗೆಶಿಷ್ಟ್ಸ್‌ಫೆರೈನ್ ಅಂತ ಬೋರ್ಡ್ ಇರುತ್ತದೆ. ಅಲ್ಲಿರುವವರು ಹೆಚ್ಚಾಗಿ ನಿವೃತ್ತರು. ಎದುರಿಗೆ ಸಿಕ್ಕಾಗ ಹೆರ್, ಫ್ರೌ ಸೇರಿಸಿ ಮನೆತನದ ಹೆಸರು ಹಿಡಿದೇ ಮಾತಾಡಿಸಿ. ಅವರಾಗಿಯೇ ಸಲಿಗೆ ಕೊಡುವವರೆಗೆ ಬಹುವಚನ ಬಿಡಬೇಡಿ. ಜರ್ಮನ್ ಬಿ1 ಮಟ್ಟಕ್ಕೆ ಓದುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಸೆಪ್ಟೆಂಬರಿನ ಎರಡನೇ ಭಾನುವಾರ ದೇಶದ ಎಲ್ಲೆಡೆ, ಬೇರೆ ದಿನ ಮುಚ್ಚಿರುವ ಎಷ್ಟೋ ಹಳೆಯ ಕಟ್ಟಡಗಳನ್ನು ಜನರಿಗೆ ತೆರೆದಿಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಒಂದು ಎಚ್ಚರಿಕೆ. ಊರಿನ ಚರಿತ್ರೆ ಪುಸ್ತಕ ಕೈಗೆ ಸಿಕ್ಕಿದರೆ ಮೊದಲು ಅಚ್ಚಾದ ವರ್ಷ ನೋಡಿ. 1933ರಿಂದ 1945ರ ನಡುವೆ ತವರಿನ ಪ್ರೀತಿಯನ್ನು ನಾಜಿಗಳು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಮೇಷ್ಟ್ರುಗಳೂ ಅದರಲ್ಲಿ ಸೇರಿದ್ದರು. ಊರಿನ ಯೆಹೂದಿ ಮನೆತನಗಳ ಹೆಸರೇ ಕಾಣದ ಪುಸ್ತಕವನ್ನು ಪೂರ್ತಿ ನಂಬಬೇಡಿ. ನಿಮ್ಮ ಬೀದಿಯ ಫುಟ್‌ಪಾತಿನಲ್ಲಿ ಹೆಸರು ಕೆತ್ತಿದ ಪುಟ್ಟ ಹಿತ್ತಾಳೆ ಫಲಕಗಳಿದ್ದರೆ ನಿಂತು ಓದಿ. ಆ ಮನೆಯಿಂದ ಯಾರನ್ನು ಎಳೆದೊಯ್ದರು ಎಂಬುದು ಅಲ್ಲಿರುತ್ತದೆ. ಅದನ್ನು ಹುಡುಕಿ ತೆಗೆದವರೂ ಎಷ್ಟೋ ಕಡೆ ಅದೇ ಊರಿನ ಜನ, ಮೇಷ್ಟ್ರುಗಳು, ಶಾಲೆ ಮಕ್ಕಳು.

ಹೊಲದಲ್ಲಿ ಹಳೆಯ ಮಡಕೆ ಚೂರು, ನಾಣ್ಯ ಕಂಡರೆ ಕಿತ್ತು ಮನೆಗೆ ತರಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಸ್ಮಾರಕ ರಕ್ಷಣೆ ಕಚೇರಿಗೆ ತಿಳಿಸಿ. ಪರವಾನಗಿ ಇಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ನಿಧಿ ಹುಡುಕುವುದು ಇಲ್ಲಿ ಅಪರಾಧವಾಗುತ್ತದೆ. ನೆಬ್ರಾ ಊರಿನ ಹತ್ತಿರ ಸಿಕ್ಕ, ಚಂದ್ರ ನಕ್ಷತ್ರಗಳಿರುವ ಪ್ರಸಿದ್ಧ ಕಂಚಿನ ಆಕಾಶ ಫಲಕವನ್ನು 1999ರಲ್ಲಿ ಹಾಗೆ ಕದ್ದು ಅಗೆದವರಿಗೆ ಶಿಕ್ಷೆಯಾಯಿತು.

ಇನ್ನು ಹಳೆಯ ಕಾಗದಪತ್ರ. ಊರಿನ ದಾಖಲೆ ಕಚೇರಿಗೆ ಅರ್ಜಿ ಕೊಟ್ಟರೆ ನಿಮಗೂ ತೋರಿಸುತ್ತಾರೆ. ಅವು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿರುತ್ತವೆ. ಹೆದರಬೇಡಿ, ಇವತ್ತಿನ ಹೆಚ್ಚಿನ ಜರ್ಮನರಿಗೂ ಅದನ್ನು ಓದಲು ಬರುವುದಿಲ್ಲ. ಅಲ್ಲಿ ಅವರೂ ನೀವೂ ಅಕ್ಷರಾಭ್ಯಾಸದಿಂದಲೇ ಶುರು ಮಾಡಬೇಕು. ಎಷ್ಟೋ ಊರುಗಳ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ದೊಡ್ಡವರಿಗೆ ಕಲಿಸುವ ಶಾಲೆಯಲ್ಲಿ, ಇದಕ್ಕೆ ಸಂಜೆ ತರಗತಿ ಇರುತ್ತದೆ. ಹೊಸ ತರಗತಿಗಳ ಪಟ್ಟಿ ಬಂದಾಗ ಭಾಷಾ ಕೋರ್ಸಿನ ಜೊತೆ ಇದನ್ನೂ ನೋಡಿ, ಹೆಸರು ಕೊಡಿ.