ಹಳೇ ಬೇಸ್‌ಬಾಲ್ ಕಾರ್ಡಿನ ಹಿಂಬದಿಯಿಂದ ಆಟಗಾರನ ಕಥೆ ಬರೆಯುವುದು

ಬೇಸ್‌ಬಾಲ್ ಕಾರ್ಡ್ ಕೂಡಿಡುವವರು ಮೊದಲು ಮುಂಬದಿಯ ಚಿತ್ರ ನೋಡುತ್ತಾರೆ. ನಾನು ತಿರುಗಿಸಿ ಹಿಂಬದಿ ನೋಡುತ್ತೇನೆ. 1950ರ ದಶಕದಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ ಕಾರ್ಡುಗಳ ಹಿಂದೆ ಆಟಗಾರನ ಊರು, ಎತ್ತರ, ತೂಕ, ಅಂಕಿಗಳು, ಕೆಲವು ಸಲ ಒಂದು ಪುಟ್ಟ ಕಾರ್ಟೂನು ಕೂಡ ಇರುತ್ತದೆ. ಅದನ್ನು ಇಟ್ಟುಕೊಂಡು ಒಬ್ಬೊಬ್ಬರ ಬಗ್ಗೆ ಒಂದು ಪ್ಯಾರಾ ಬರೆಯುವ ಚಟ ಅಮೆರಿಕಕ್ಕೆ ಬಂದ ಮೇಲೆ ಹತ್ತಿತು. ಕ್ರಿಕೆಟ್ ಅಂಕಿಗಳನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಇಂಥದ್ದು ಬೇಗ ಹತ್ತುತ್ತದೆ, ಅಲ್ವಾ?

ದುಬಾರಿ ಕಾರ್ಡು ನನಗೆ ಬೇಡ. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಮಾರಾಟವಾಯಿತು. ನಾನು ಮೂಲೆ ಸವೆದ, ನಡುವೆ ಮಡಿಕೆ ಬಿದ್ದ ಕಾರ್ಡುಗಳನ್ನೇ ಕೊಳ್ಳುತ್ತೇನೆ. ಅಕ್ಷರ ಓದಲು ಬಂದರೆ ಸಾಕು.

ಬರೆಯುವಾಗ ಕಾರ್ಡು ಅಚ್ಚಾದ ವರ್ಷದಲ್ಲೇ ಮೊದಲು ನಿಂತುಕೊಳ್ಳುತ್ತೇನೆ. 1957ರ ಹರ್ಬ್ ಸ್ಕೋರ್ ಕಾರ್ಡು ತೆಗೆದುಕೊಳ್ಳಿ. ಕ್ಲೀವ್‌ಲ್ಯಾಂಡ್ ತಂಡದ ಎಡಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಹಿಂಬದಿಯಲ್ಲಿ 1955ರಲ್ಲಿ 16 ಗೆಲುವು, 1956ರಲ್ಲಿ 20 ಗೆಲುವು. ಆ ಎರಡು ವರ್ಷ ಕ್ರಮವಾಗಿ 245 ಮತ್ತು 263 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಕಾರ್ಡಿನ ಪ್ರಕಾರ ಮುಂದೆಲ್ಲ ಬಂಗಾರವೇ. ಆದರೆ ಅದೇ ವರ್ಷ ಮೇ 7ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಗಿಲ್ ಮೆಕ್‌ಡೂಗಲ್ಡ್ ಹೊಡೆದ ಚೆಂಡು ನೇರವಾಗಿ ಬಂದು ಸ್ಕೋರ್ ಕಣ್ಣಿಗೆ ಬಡಿಯಿತು. ಅವನ ಒಟ್ಟು ಗೆಲುವು 55. ಅಂದರೆ ಮೊದಲ ಎರಡು ವರ್ಷದಲ್ಲೇ 36, ಉಳಿದ ಕಾಲಕ್ಕೆಲ್ಲ 19.

ಇಲ್ಲಿ ಕಥೆ ಮುಗಿಸಿಬಿಡುವ ಆಸೆ ಆಗುತ್ತದೆ. ಸುಮ್ನೆ ದುಃಖದ ಕಥೆ, ಓದುಗರಿಗೂ ಇಷ್ಟ. ಆದರೆ ಸ್ಕೋರ್ ಸ್ವತಃ ಕಣ್ಣಿನ ಪೆಟ್ಟನ್ನು ದೂರಲಿಲ್ಲ. 1958ರಲ್ಲಿ ಮೊಣಕೈಗೆ ಆದ ಗಾಯವೇ ಕಾರಣ ಎನ್ನುತ್ತಿದ್ದ. ಆಮೇಲೆ 1964ರಿಂದ 1997ರವರೆಗೆ ಕ್ಲೀವ್‌ಲ್ಯಾಂಡ್ ಪಂದ್ಯಗಳ ವೀಕ್ಷಕ ವಿವರಣೆ ಮಾಡಿದ. ಆ ಊರಿನ ಒಂದಿಡೀ ಪೀಳಿಗೆಗೆ ಅವನು ಪಿಚರ್ ಅಲ್ಲ, ರೇಡಿಯೊ ದನಿ. ಎಷ್ಟೇ ಚಿಕ್ಕ ಪರಿಚಯವಾದರೂ ಇದಕ್ಕೆ ಒಂದು ವಾಕ್ಯ ಇಟ್ಟೇ ಇಡುತ್ತೇನೆ.

ಅಂಕಿಯ ಸಾಲು ಏನನ್ನು ಮುಚ್ಚಿಡುತ್ತದೆ ಅಂತ ನೋಡುವುದು ನನಗೆ ಇನ್ನೂ ಇಷ್ಟದ ಕೆಲಸ. ಪಿಟ್ಸ್‌ಬರ್ಗ್‌ನ ಪಿಚರ್ ಹಾರ್ವೆ ಹ್ಯಾಡಿಕ್ಸ್‌ಗೆ 1959ರಲ್ಲಿ 12 ಗೆಲುವು, 12 ಸೋಲು. ಕಣ್ಣು ಹಾಯಿಸಿ ಮುಂದೆ ಹೋಗುವಂಥ ಸಾಧಾರಣ ವರ್ಷ. ಆ 12 ಸೋಲುಗಳಲ್ಲಿ ಒಂದು ಮೇ 26ರ ರಾತ್ರಿ ಮಿಲ್ವಾಕಿಯಲ್ಲಿ ಆದದ್ದು. ಸತತ 12 ಇನ್ನಿಂಗ್ಸ್ ಅವನೇ ಎಸೆದ, 36 ಬ್ಯಾಟರ್‌ಗಳು, ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಆದರೆ ಹ್ಯಾಡಿಕ್ಸ್ ತಂಡವೂ ಒಂದೂ ರನ್ ಗಳಿಸಿರಲಿಲ್ಲ. 13ನೇ ಇನ್ನಿಂಗ್ಸ್‌ನಲ್ಲಿ ಫೀಲ್ಡರ್ ಒಬ್ಬ ಚೆಂಡನ್ನು ತಪ್ಪಾಗಿ ಎಸೆದು ಬ್ಯಾಟರ್‌ನನ್ನು ಬೇಸ್ ಸೇರಲು ಬಿಟ್ಟ. ಆಮೇಲೆ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಅಟ್ಟಿದ. ಮುಂದೆ ಓಡುತ್ತಿದ್ದ ಹ್ಯಾಂಕ್ ಆರನ್ ನಡುವೆ ದಾರಿ ಬಿಟ್ಟದ್ದರಿಂದ ಆಡ್‌ಕಾಕ್ ಅವನನ್ನು ದಾಟಿಬಿಟ್ಟ. ಹಾಗಾಗಿ ಹೋಮ್ ರನ್ ಹೋಗಿ ಡಬಲ್, ಅಂದರೆ ಎರಡು ಬೇಸ್‌ನ ಹೊಡೆತ, ಆಯಿತು. ಅಂತಿಮ ಲೆಕ್ಕ 1-0. ಹೀಗಿರುವಾಗ 12-12 ಎಂದಷ್ಟೇ ಬರೆದು ಹೇಗೆ ಬಿಡುವುದು?

ಇಂಥ ಒಂದು ಕಾರ್ಡು ಇನ್ನೊಂದನ್ನು ಎಳೆದು ತರುತ್ತದೆ. ಆ ರಾತ್ರಿ ಗೆದ್ದ ಪಿಚರ್ ಲೂ ಬರ್ಡೆಟ್. 12 ಹಿಟ್ (ಬ್ಯಾಟರ್ ಹೊಡೆದು ಬೇಸ್ ಸೇರುವುದು) ಕೊಟ್ಟರೂ 13 ಇನ್ನಿಂಗ್ಸ್ ಒಂದೂ ರನ್ ಬಿಡಲಿಲ್ಲ. ಬಲಗೈ ಆಟಗಾರ, ಆದರೆ 1959ರ ಕಾರ್ಡಿನಲ್ಲಿ ಬೇಕಂತಲೇ ಎಡಗೈ ಪಿಚರ್ ಥರ ಪೋಸ್ ಕೊಟ್ಟಿದ್ದಾನೆ! ಟಾಪ್ಸ್ ಅದನ್ನೇ ಅಚ್ಚು ಹಾಕಿತು. ಇಂಥ ತಮಾಷೆ ಸಿಕ್ಕಾಗ ಅಂಕಿ ಕಡಿಮೆ ಮಾಡಿ ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಕೆಲವರ ವಿಷಯದಲ್ಲಿ ಕಾರ್ಡೇ ಆಟಗಾರನಿಗಿಂತ ಹೆಸರುವಾಸಿ. 1952ರ ಟಾಪ್ಸ್ ಸೆಟ್‌ನ 1ನೇ ನಂಬರ್ ಆಂಡಿ ಪಾಫ್ಕೊ. ಹುಡುಗರು ಕಾರ್ಡುಗಳನ್ನು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೇಲಿನ ಕಾರ್ಡಿಗೆ ಪೆಟ್ಟು ಜಾಸ್ತಿ. ಹಾಗಾಗಿ ಚೆನ್ನಾಗಿ ಉಳಿದ ಪಾಫ್ಕೊ ಸಿಗುವುದೇ ಕಷ್ಟ. ಆದರೆ ಅವನು 17 ಸೀಸನ್ ಆಡಿ 213 ಹೋಮ್ ರನ್ ಹೊಡೆದವನು. 1951ರಲ್ಲಿ ಬಾಬಿ ಥಾಮ್ಸನ್ ಹೊಡೆದ ಪ್ರಸಿದ್ಧ ಹೋಮ್ ರನ್ ಹಾರಿಹೋಗುವಾಗ ಲೆಫ್ಟ್ ಫೀಲ್ಡ್‌ನಲ್ಲಿ ನಿಂತು ನೋಡುತ್ತಿದ್ದವನೂ ಇವನೇ. ರಬ್ಬರ್ ಬ್ಯಾಂಡ್ ಕಥೆಯನ್ನು ಕೊನೆಗೆ ತಳ್ಳಿ, ಆಟವನ್ನು ಮೊದಲು ಇಟ್ಟೆ.

ಅಂಕಿ ಸರಿನೋಡಲು ಬೇಸ್‌ಬಾಲ್ ರೆಫರೆನ್ಸ್, ಪಂದ್ಯದ ವಿವರಕ್ಕೆ ರೆಟ್ರೋಶೀಟ್ ಎಂಬ ವೆಬ್‌ಸೈಟುಗಳನ್ನು ನೋಡುತ್ತೇನೆ. ಕಾರ್ಡಿನಲ್ಲಿರುವ ಜನ್ಮವರ್ಷವನ್ನು ಮಾತ್ರ ಸುಲಭಕ್ಕೆ ನಂಬುವುದಿಲ್ಲ. ಆ ಕಾಲದಲ್ಲಿ ವಯಸ್ಸು ಹೆಚ್ಚುಕಡಿಮೆ ಹೇಳುವುದು ಮಾಮೂಲು. ಕ್ಯೂಬಾದ ಮಿನಿ ಮಿನೋಸೊ ಹುಟ್ಟಿದ ವರ್ಷದ ಬಗ್ಗೆ ಈಗಲೂ ಜಗಳ ಮುಗಿದಿಲ್ಲ. ಅಂಥವರಿಗೆ ವಯಸ್ಸು ಹಾಕದೆ, ಮೊದಲ ಪಂದ್ಯ ಆಡಿದ ವರ್ಷದಿಂದಲೇ ಶುರು ಮಾಡುತ್ತೇನೆ: 1949, ಕ್ಲೀವ್‌ಲ್ಯಾಂಡ್.