ನೂರು ದಾಳ ಹಿಡಿದು ಅರ್ಧಾಯು ಕಲಿಸಿದ್ದು

ಅರ್ಧಾಯು ಅಂದರೆ ವಿಕಿರಣಶೀಲ ವಸ್ತುವಿನ ಪರಮಾಣುಗಳ ನಡುವೆ ಇರುವ ನ್ಯೂಕ್ಲಿಯಸ್‌ಗಳಲ್ಲಿ ಅರ್ಧದಷ್ಟು ಕ್ಷಯಿಸಲು, ಅಂದರೆ ತಾವಾಗಿಯೇ ಬೇರೆ ನ್ಯೂಕ್ಲಿಯಸ್ ಆಗಲು, ಬೇಕಾದ ಕಾಲ. ಈ ಪಾಠವನ್ನು ಮೊದಲೆಲ್ಲ ನಾನು ಸೂತ್ರದಿಂದಲೇ ಶುರು ಮಾಡುತ್ತಿದ್ದೆ. ಬೋರ್ಡಿನ ಮೇಲೆ ಕ್ಷಯದ ದರ ತೋರಿಸುವ ಲ್ಯಾಂಬ್ಡಾ ಅಕ್ಷರ ಬರೆದು, ಎರಡು ಲೆಕ್ಕ ಬಿಡಿಸಿ ತೋರಿಸಿದರೆ ಮೂರನೆಯದನ್ನು ಮಕ್ಕಳೇ ಬಿಡಿಸುತ್ತಿದ್ದರು. ಅರ್ಥವಾಗಿದೆ ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಬಾಯಿಮಾತಿನಲ್ಲಿ ಕೇಳಿದೆ: "ಅಯೋಡಿನ್-131ರ ಅರ್ಧಾಯು 8 ದಿನ. 16 ದಿನ ಆದಮೇಲೆ ಎಷ್ಟು ಉಳಿದಿರುತ್ತದೆ?"

"ಏನೂ ಉಳಿಯಲ್ಲ ಸರ್" ಎಂದಿತು ಅರ್ಧ ಕ್ಲಾಸು.

ಅವರ ಯೋಚನೆ ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ಮೇಣದಬತ್ತಿ ಅರ್ಧ ಉರಿಯಲು ಒಂದು ಗಂಟೆ ಬೇಕಾದರೆ ಉಳಿದರ್ಧಕ್ಕೂ ಒಂದು ಗಂಟೆ ಬೇಕು. ಕಣ್ಣಿಗೆ ಕಾಣುವ ವಸ್ತುಗಳೆಲ್ಲ ಹೆಚ್ಚುಕಡಿಮೆ ಹೀಗೇ ಸವೆಯುತ್ತವೆ. ನ್ಯೂಕ್ಲಿಯಸ್ ಸವೆಯುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅನ್ನಿಸಿತು. ಹಾಗಾಗಿ ಒಂದೇ ಬಣ್ಣದ, ಒಂದೇ ಅಳತೆಯ 100 ದಾಳ ಒಟ್ಟು ಮಾಡಿದೆ.

ದಾಳ ಮುಟ್ಟುವ ಮೊದಲು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಒಬ್ಬ ಹುಡುಗಿಯ ಕೈಗೆ ಗುಂಡುಸೂಜಿ ಕೊಟ್ಟು ನಡುವೆ ನಿಲ್ಲಿಸಿದೆ. ಅದರ ತಲೆ ಸುಮಾರು 2 ಮಿಲಿಮೀಟರ್. ಅದೇ ಚಿನ್ನದ ನ್ಯೂಕ್ಲಿಯಸ್ ಅಂದುಕೊಂಡರೆ ಇಡೀ ಪರಮಾಣುವಿನ ಅಡ್ಡಗಲ 40 ಮೀಟರ್ ಆಸುಪಾಸು ಬರುತ್ತದೆ. ಉಳಿದವರು ಅವಳ ಸುತ್ತ 20 ಮೀಟರ್ ದೂರದಲ್ಲಿ ನಿಂತರು. ಅಲ್ಲಿಂದ ಸೂಜಿಯ ತಲೆ ಕಾಣುವುದೇ ಇಲ್ಲ. ವಿಜ್ಞಾನಿ ರುದರ್‌ಫರ್ಡ್ ಜೊತೆಗಿದ್ದ ಗೈಗರ್ ಮತ್ತು ಮಾರ್ಸ್‌ಡೆನ್ ಚಿನ್ನದ ತೆಳು ಹಾಳೆಗೆ ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಕಣ) ಹೊಡೆದಾಗ ಬಹುಪಾಲು ಕಣಗಳು ಯಾಕೆ ನೇರವಾಗಿ ದಾಟಿ ಹೋದವು, ಎಲ್ಲೋ ಒಂದೊಂದು ಮಾತ್ರ ಯಾಕೆ ಹಿಂದಕ್ಕೆ ಚಿಮ್ಮಿತು ಅಂತ ಅಲ್ಲೇ ನಿಂತು ಮಾತಾಡಿದೆವು.

ಆಗ ಒಬ್ಬ ಕೇಳಿದ: "ಬಿಸಿ ಮಾಡಿದರೆ ಬೇಗ ಕ್ಷಯಿಸುತ್ತದಾ ಸರ್?" ತುಂಬ ಒಳ್ಳೆಯ ಪ್ರಶ್ನೆ. ಬೆಂಕಿ, ಆಮ್ಲ ಇವೆಲ್ಲ ಮುಟ್ಟುವುದು ಹೊರಗಿನ ಎಲೆಕ್ಟ್ರಾನ್‌ಗಳನ್ನು, ಅಂದರೆ ದೂರದಲ್ಲಿ ನಿಂತಿರುವ ನಿಮ್ಮನ್ನು. ನಡುವೆ ಇರುವ ಆ ಸೂಜಿಯ ತಲೆಗೆ ಅದರ ಸುದ್ದಿಯೇ ಇರುವುದಿಲ್ಲ. ಬೀಟಾ ಕ್ಷಯದಲ್ಲಿ ಹೊರಬರುವ ಎಲೆಕ್ಟ್ರಾನ್ ಕೂಡ ಈ ಹೊರಗಿನದಲ್ಲ. ಒಳಗೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುವಾಗ ಅದು ಆ ಕ್ಷಣದಲ್ಲೇ ಹುಟ್ಟುತ್ತದೆ. ಕಾರ್ಬನ್-14ರಲ್ಲಿ 6 ಪ್ರೋಟಾನ್, 8 ನ್ಯೂಟ್ರಾನ್ ಇರುತ್ತವೆ. ಕ್ಷಯಿಸಿದ ಮೇಲೆ 7, 7. ಅದು ನೈಟ್ರೋಜನ್-14.

ಕ್ಲಾಸಿಗೆ ವಾಪಸ್ ಬಂದು ದಾಳ ಹಿಡಿದೆವು. ನಿಯಮ ಒಂದೇ: ಡಬ್ಬಿ ಅಲ್ಲಾಡಿಸಿ ಸುರಿಯುವುದು, 6 ಬಿದ್ದ ದಾಳ ಕ್ಷಯಿಸಿತು ಅಂತ ಪಕ್ಕಕ್ಕೆ ತೆಗೆಯುವುದು. ಒಂದು ಸಲ ಸುರಿದರೆ ಒಂದು ದಿನ ಕಳೆದ ಹಾಗೆ. ನಮಗೆ ಉಳಿದ ಲೆಕ್ಕ ಹೀಗೆ ಬಂತು: 100, 84, 71, 57, 49, 41, 33, 29, 25. ನಾಲ್ಕನೇ ಸಲಕ್ಕೆ ಹೆಚ್ಚುಕಡಿಮೆ ಅರ್ಧ. ಎಂಟನೇ ಸಲಕ್ಕೆ ಸೊನ್ನೆ ಆಗಲಿಲ್ಲ, ಅರ್ಧದ ಅರ್ಧ ಆಯಿತು.

ಮೊದಲ ಸಲ 16 ಹೋದವು, ಐದನೇ ಸಲ 8 ಮಾತ್ರ. "ದಾಳಗಳಿಗೆ ಸುಸ್ತಾಯಿತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನವನು ಹೇಳಿದ: "ಇಲ್ಲ ಸರ್, ಡಬ್ಬಿಯಲ್ಲೇ ಕಡಿಮೆ ಇವೆ." ಅಷ್ಟೇ ವಿಷಯ. ಒಂದೊಂದು ದಾಳಕ್ಕೂ ಅವಕಾಶ ಆರರಲ್ಲಿ ಒಂದೇ, ಅದು ಬದಲಾಗಿಲ್ಲ. ಎಸೆಯುವ ದಾಳ ಕಡಿಮೆಯಾದ್ದರಿಂದ ಬೀಳುವ ಆರೂ ಕಡಿಮೆಯಾಯಿತು. ಸೂತ್ರ ಹೇಳುವುದೂ ಇದನ್ನೇ. ಅದನ್ನು ಬೋರ್ಡಿನ ಮೇಲೆ ಬರೆದದ್ದು ಆಮೇಲೆ.

ಇಲ್ಲಿ ಒಂದು ಎಚ್ಚರ ಬೇಕು. ಸೂತ್ರದ ಪ್ರಕಾರ 0.693 ಅನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಅರ್ಧಾಯು. ಚುರುಕಾದ ಮಕ್ಕಳು ಲ್ಯಾಂಬ್ಡಾ ಬದಲು ಆರನೇ ಒಂದರಿಂದ ಭಾಗಿಸಿ ಅರ್ಧಾಯು 4.16 ಎಂದು ತರುತ್ತಾರೆ. ದಾಳದ ನಿಜವಾದ ಅರ್ಧಾಯು 3.8 ಎಸೆತ. ದಾಳಕ್ಕೆ ದಿನಕ್ಕೊಂದೇ ಅವಕಾಶ, ನ್ಯೂಕ್ಲಿಯಸ್‌ಗೆ ಪ್ರತಿ ಕ್ಷಣವೂ ಅವಕಾಶ. ವ್ಯತ್ಯಾಸ ಬರುವುದು ಅದಕ್ಕೇ. ಇದನ್ನು ಹೇಳದೆ ಬಿಟ್ಟರೆ ಅವರು ತಮ್ಮ ಲೆಕ್ಕವನ್ನೇ ಅನುಮಾನಿಸುತ್ತಾರೆ.

ಈ 3.8 ನೋಡಿದಾಗ ನನಗೇ ಖುಷಿಯಾಗಿತ್ತು. ವಿಕಿರಣಶೀಲ ಅನಿಲ ರೇಡಾನ್-222ರ ಅರ್ಧಾಯು 3.8 ದಿನ. ಅಂದರೆ ಒಂದು ರೇಡಾನ್ ನ್ಯೂಕ್ಲಿಯಸ್ ಇವತ್ತಿನಿಂದ ನಾಳೆಯೊಳಗೆ ಕ್ಷಯಿಸುವ ಸಂಭವ ಹತ್ತಿರ ಹತ್ತಿರ ಆರರಲ್ಲಿ ಒಂದು. ನಮ್ಮ ಡಬ್ಬಿಯಲ್ಲಿ ಇದ್ದದ್ದು ರೇಡಾನೇ, ಅಲ್ವಾ!

ಹತ್ತೇ ದಾಳ ಕೊಟ್ಟ ಗುಂಪಿನ ಗ್ರಾಫ್ ಅಂಕುಡೊಂಕಾಗಿ ಬಂತು. ಅದನ್ನು ತಿದ್ದಲಿಲ್ಲ, ಪಕ್ಕದಲ್ಲೇ ಅಂಟಿಸಿದೆ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 3,700 ಕೋಟಿ ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತವೆ. ಪುಸ್ತಕದ ಗೆರೆ ಅಷ್ಟು ನಯವಾಗಿರುವುದು ಸಂಖ್ಯೆ ಅಷ್ಟು ಜಾಸ್ತಿ ಇರುವುದರಿಂದ.

ಕೊನೆಗೆ ಒಂದೇ ದಾಳ ಉಳಿಯಿತು. ಇಪ್ಪತ್ತು ಸಲ ಆಯಿತು, ಇಪ್ಪತ್ತೈದಾಯಿತು, 6 ಬೀಳಲೊಲ್ಲದು. ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. "ಇಷ್ಟು ಸಲ ತಪ್ಪಿಸಿಕೊಂಡಿದೆ, ಈ ಸಲ ಬೀಳಲೇಬೇಕು" ಅಂದಳು ಗುಂಡುಸೂಜಿ ಹಿಡಿದಿದ್ದ ಹುಡುಗಿ. ಎಸೆದಳು. 2 ಬಿತ್ತು. ಇನ್ನೊಮ್ಮೆ ಎಸೆದಳು. 5.

ಆ ದಾಳವನ್ನು ಇಸಿದುಕೊಂಡು, ಪಕ್ಕಕ್ಕೆ ತೆಗೆದಿಟ್ಟಿದ್ದ 99ರ ಜೊತೆ ಡಬ್ಬಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿದೆ. ಮೇಜಿನ ಮೇಲೆ ಸುರಿದು, "ಅಷ್ಟು ಸಲ ಉಳಿದುಕೊಂಡ ದಾಳ ಯಾವುದು, ಹುಡುಕಿ ಕೊಡಿ" ಎಂದೆ. ಬೆಲ್ ಹೊಡೆಯುವವರೆಗೂ ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು.