ಹಿಸ್ಟೋಗ್ರಾಮ್ ಬಿಡಿಸೋದು ಹೇಗೆ? ಅಗಲ ಬದಲಾದ್ರೆ ಎತ್ತರಾನೂ ಬದಲಾಗ್ಬೇಕು

ಬಾರ್ ಗ್ರಾಫ್‌ನ ಕಂಬಗಳನ್ನ ಅಂಟಿಸಿಬಿಟ್ರೆ ಹಿಸ್ಟೋಗ್ರಾಮ್ (ಅಂಕಿಗಳ ಗುಂಪುಗಳನ್ನ ಒಂದಕ್ಕೊಂದು ಅಂಟಿದ ಆಯತಗಳಲ್ಲಿ ತೋರಿಸೋ ಚಿತ್ರ) ಆಯ್ತು ಅಂತ ಎಷ್ಟೋ ಮಕ್ಕಳು ನಂಬ್ಕೊಂಡಿದ್ದಾರೆ, ಮನೇಲಿ ಕೂರಿಸ್ಕೊಂಡು ಹೇಳ್ಕೊಡೋ ದೊಡ್ಡವರೂ ಹಾಗೇ ಹೇಳ್ತಾರೆ. ನಾನು ತಿದ್ದಿರೋ ಪೇಪರ್‌ಗಳಲ್ಲಿ ಮಾರ್ಕ್ಸ್ ಹೋಗೋದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಅಲ್ಲಿಗೆ ಬರ್ತೀನಿ, ಮೊದ್ಲು ಸುಲಭದ್ದು ಮುಗಿಸೋಣ.

ಸ್ಟೆಪ್ 1: ಅಂಕಿಗಳನ್ನ ವರ್ಗಾಂತರಗಳಾಗಿ, ಅಂದ್ರೆ 0–10, 10–20 ಥರದ ಗುಂಪುಗಳಾಗಿ ಹಂಚಿ, ಟ್ಯಾಲಿ ಗೆರೆ ಹಾಕಿ ಎಣಿಸಿ. ಎಷ್ಟು ವರ್ಗ ಮಾಡ್ಬೇಕು ಅನ್ನೋದಕ್ಕೆ 1926ರಲ್ಲಿ ಸ್ಟರ್ಜಸ್ ಅನ್ನೋರು ಕೊಟ್ಟ ಸೂತ್ರ ಇದೆ, 40 ಅಂಕಿಗೆ ಆರೇಳು ವರ್ಗ ಬರುತ್ತೆ. ಶಾಲೆ ಲೆಕ್ಕಕ್ಕೆ 5ರಿಂದ 8 ಸಾಕು. 20 ಅಂಕ ತಗೊಂಡವನು 10–20ಕ್ಕೆ ಅಲ್ಲ, 20–30ಕ್ಕೆ ಸೇರ್ತಾನೆ.

ಸ್ಟೆಪ್ 2: ವರ್ಗಗಳು 1–10, 11–20 ಅಂತ ಕೊಟ್ಟಿದ್ರೆ 10ಕ್ಕೂ 11ಕ್ಕೂ ಮಧ್ಯೆ ಸಂದು ಇದೆ. ಕೆಳಗಿನ ಮಿತಿಯಿಂದ 0.5 ಕಳೆದು ಮೇಲಿನದಕ್ಕೆ 0.5 ಕೂಡಿಸಿ, 0.5–10.5, 10.5–20.5 ಮಾಡ್ಕೊಳ್ಳಿ. ಇದನ್ನ ಬಿಟ್ಟು ಕಂಬಗಳನ್ನ ಒತ್ತಿ ಒತ್ತಿ ಕೂರಿಸ್ಬೇಡಿ.

ಸ್ಟೆಪ್ 3, ಇದೇ ಆ ಜಾಗ. 40 ಮಕ್ಕಳ ಅಂಕ ಹೀಗಿದೆ ಅನ್ಕೊಳ್ಳಿ: 0–10ರಲ್ಲಿ 4 ಜನ, 10–20ರಲ್ಲಿ 6, 20–30ರಲ್ಲಿ 9, 30–50ರಲ್ಲಿ 12, 50–80ರಲ್ಲಿ 9. ಮಕ್ಕಳು ಏನ್ ಮಾಡ್ತಾರೆ ಅಂದ್ರೆ, 30–50ರ ಮೇಲೆ 12 ಎತ್ತರದ ದಪ್ಪ ಕಂಬ ನಿಲ್ಲಿಸ್ತಾರೆ, ನೋಡಿದವರಿಗೆ ಕ್ಲಾಸ್‌ಗೆ ಕ್ಲಾಸೇ ಅಲ್ಲೇ ತುಂಬ್ಕೊಂಡಿದೆ ಅನ್ಸುತ್ತೆ. ಆದ್ರೆ ಆ 12 ಜನ ಹರಡಿರೋದು 20 ಅಂಕದ ಅಗಲಕ್ಕೆ, ಅಂದ್ರೆ 10 ಅಂಕಕ್ಕೆ ಸರಾಸರಿ 6 ಜನ ಅಷ್ಟೇ. ಹಿಸ್ಟೋಗ್ರಾಮ್‌ನಲ್ಲಿ ಆವೃತ್ತಿಯನ್ನ, ಅಂದ್ರೆ ಒಂದು ವರ್ಗದಲ್ಲಿ ಎಷ್ಟು ಜನ ಅನ್ನೋದನ್ನ ತೋರಿಸೋದು ಆಯತದ ವಿಸ್ತೀರ್ಣ, ಬರೀ ಎತ್ತರ ಅಲ್ಲ. ಹಾಗಾಗಿ ಎಲ್ಲಕ್ಕಿಂತ ಕಡಿಮೆ ಅಗಲ ಯಾವುದು ನೋಡಿ, ಇಲ್ಲಿ 10. ಪ್ರತಿ ವರ್ಗದ ಆವೃತ್ತಿಯನ್ನ ಅದರದೇ ಅಗಲದಿಂದ ಭಾಗಿಸಿ 10ರಿಂದ ಗುಣಿಸಿ. 12 ಭಾಗಿಸು 20, ಗುಣಿಸು 10, ಬಂತು 6. ಕೊನೇದು 9 ಭಾಗಿಸು 30, ಗುಣಿಸು 10, ಬಂತು 3. ಈಗ ಎತ್ತರಗಳು 4, 6, 9, 6, 3. ಶಿಖರ 20–30ಕ್ಕೆ ಬಂತು ನೋಡಿ! ಅನುಮಾನ ಇದ್ರೆ 10 ಅಂಕದ ಅಗಲವನ್ನ ಒಂದು ಮನೆ ಅಂತ ಇಟ್ಕೊಂಡು ಮನೆಗಳನ್ನ ಎಣಿಸಿ: 4, 6, 9, 6ರ ಎರಡು ಸಾಲು, 3ರ ಮೂರು ಸಾಲು, ಒಟ್ಟು 40.

ಎಕ್ಸೆಲ್‌ನಲ್ಲಿ ಒಂದೇ ಕ್ಲಿಕ್‌ಗೆ ಆಗುತ್ತಲ್ಲ ಅಂತೀರಾ? 2016ರ ವರ್ಷನ್‌ನಿಂದ ಹಿಸ್ಟೋಗ್ರಾಮ್ ಚಾರ್ಟ್ ಇದೆ ನಿಜ, ಆದ್ರೆ ಅದು ಸಮ ಅಗಲದ ವರ್ಗಗಳನ್ನೇ ಮಾಡುತ್ತೆ, ಸಾಲದ್ದಕ್ಕೆ 20ನ್ನ 10–20ಕ್ಕೇ ಸೇರಿಸುತ್ತೆ, ಪಠ್ಯದ ರೂಢಿಗೆ ಉಲ್ಟಾ. ಹೋಮ್‌ವರ್ಕ್‌ಗೆ ಬೇಡ.

ಸ್ಟೆಪ್ 4: ಚೂಪಾದ ಪೆನ್ಸಿಲ್‌ನಲ್ಲಿ ಬಿಡಿಸಿ. ಸ್ಕೆಚ್ ಪೆನ್ ಮುಟ್ಟಲೇಬೇಡಿ, ಹಿಂದಿನ ಪುಟಕ್ಕೆ ಇಳಿಯುತ್ತೆ. ಅಂಚು ಸವೆದ ಪ್ಲಾಸ್ಟಿಕ್ ಸ್ಕೇಲನ್ನೂ ಬಿಸಾಕಿ. ಎಕ್ಸ್ ಅಕ್ಷದ ಅಂಕಿ ಸೊನ್ನೆಯಿಂದ ದೂರ, 140ರಿಂದಲೋ ಏನೋ ಶುರುವಾದ್ರೆ, ಮೂಲಬಿಂದು ಹತ್ರ ಅಕ್ಷದ ಮೇಲೆ ಸಣ್ಣ ಅಂಕುಡೊಂಕು ಗೆರೆ ಹಾಕಿ. ವೈ ಅಕ್ಷಕ್ಕೆ ಸುಮ್ನೆ ‘ಮಕ್ಕಳ ಸಂಖ್ಯೆ’ ಅಂತ ಬರೆದು ಬಿಡ್ಬೇಡಿ, ಮೇಲಿನ ಉದಾಹರಣೇಲಿ ಅದು ‘ಪ್ರತಿ 10 ಅಂಕಕ್ಕೆ ಮಕ್ಕಳ ಸಂಖ್ಯೆ’.